ರದ್ದಿಗೆ ಹೋಗುತ್ತಿರುವ ಉದ್ರಿ ವಹಿಗಳು

ಮಾನ್ಯ ಸಂಪಾದಕರೇ,

ಕೊಪ್ಪಳದ ಇತಿಹಾಸವೆಂದೊಡನೆ ಗವಿಮಠ ಹಾಗೂ ಪಾಲ್ಕಿಗುಂಡಿನ ಅಶೋಕನ ಶಾಸನಗಳು, ಕೋಟೆ, ಇಟಗಿಯ ಮಹಾದೇವ ದೇವಾಲಯ ನೆನಪಾಗುತ್ತವೆ. ಅವುಗಳ ಬಗ್ಗೆ ಬರೆಯುವವರಿದ್ದಾರೆ. ನನ್ನ ಕಳಕಳಿ ಹಳೆಯ ಕಿರಾಣಿ ಅಂಗಡಿಗಳ ಕಿರ್ದಿ (ದಿನದ ಲೆಕ್ಕ), ಖತಾವಣಿ (ಖಾತೆವಾರು ಲೆಕ್ಕ), ಉದ್ರಿ (ಸಾಲದ ಲೆಕ್ಕ) ವಹಿಗಳ ಕುರಿತದ್ದು. ಅಂಗಡಿ ಮುಚ್ಚಿದಾಗ, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಮೊದಲು ರದ್ದಿಗೆ ಹೋಗುವುದು ಇವೇ. ಹೋದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಅಜ್ಜನ ಅಂಗಡಿಯ ಮೂರು ವಹಿಗಳು ಸಿಕ್ಕವು. ಉಳಿದವು ಎಂದೋ ತೂಕಕ್ಕೆ ಹೋಗಿದ್ದವಂತೆ.

ಮೊದಲ ವಹಿ ನಿಜಾಮರ ಆಡಳಿತದ ಫಸಲಿ ವರ್ಷ 1357ರದು, ಅಂದರೆ 1947–48ರದು. ಆಗ ಕೊಪ್ಪಳ ನಿಜಾಮರ ಸಂಸ್ಥಾನದಲ್ಲಿತ್ತು, ಹೊಳೆಯಾಚೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೀಗಾಗಿ ಊರ ಗಿರಾಕಿಗಳ ಲೆಕ್ಕ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿದ್ದರೆ, ಹೊಸಪೇಟೆಯಿಂದ ತಂದ ಮಾಲಿನ ಲೆಕ್ಕ ಬ್ರಿಟಿಷ್ ಭಾರತದ ರೂಪಾಯಿಯಾದ ಕಲ್ದಾರದಲ್ಲಿದೆ. ಏಳು ಸಿಕ್ಕಾ ರೂಪಾಯಿಗೆ ಸುಮಾರು ಆರು ಕಲ್ದಾರದ ದರ. ಎರಡನೆಯ ವಹಿಯಲ್ಲಿ 1957ರ ಏಪ್ರಿಲ್ 1ರಿಂದ ಆಣೆಯ ಜಾಗಕ್ಕೆ ನಯಾ ಪೈಸೆ ಬರುತ್ತದೆ. ಒಂದು ಆಣೆಗೆ 6 ಪೈಸೆ, ಮೂರು ಆಣೆಗೆ 19 ಪೈಸೆ ಎಂಬುದು ಆಗಿನ ಕೋಷ್ಟಕವಾದ್ದರಿಂದ, ಮೂರಾಣೆಯ ಸಾಮಾನನ್ನು ಒಂದೊಂದು ಆಣೆಯಂತೆ ಮೂರು ಸಲ ಬಂದು ಒಯ್ದವನಿಗೆ ಒಂದು ಪೈಸೆ ಉಳಿಯುತ್ತಿತ್ತು, ಹಾಗೆ ಒಯ್ದವರೂ ಅದರಲ್ಲಿ ಸಿಗುತ್ತಾರೆ! ಮರುವರ್ಷದ ಅಕ್ಟೋಬರಿನಿಂದ ಕಿಲೋ ತೂಕ ಜಾರಿಗೆ ಬರತೊಡಗಿದರೂ ಅಜ್ಜ ಬಹುಕಾಲ ‘ಸೇರು’ ಎಂದೇ ಬರೆದಿದ್ದಾರೆ. ಅದು 80 ತೊಲದ, ಅಂದರೆ ಸುಮಾರು 933 ಗ್ರಾಮಿನ ತೂಕದ ಸೇರೋ, ಕಾಳು ಅಳೆಯುವ ಸೇರೋ ಎಂಬುದನ್ನು ಸಾಮಾನು ನೋಡಿಯೇ ತಿಳಿಯಬೇಕು.

ಇವುಗಳಲ್ಲಿ ಏನೇನಿದೆ ಎನ್ನುವುದಕ್ಕಿಂತ ಏನಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು. ಮೂರು ಹೊತ್ತೂ ರೊಟ್ಟಿ ತಿನ್ನುತ್ತಿದ್ದ ಊರಿನ ವಹಿಯಲ್ಲಿ ಜೋಳದ ಹೆಸರೇ ಇಲ್ಲ. ಜೋಳ ಹೊಲದಿಂದ ನೇರ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಬರುತ್ತಿತ್ತು. ಉಪ್ಪು, ಬೆಲ್ಲ, ಚಿಮಣಿ ಎಣ್ಣೆ, ಕಡ್ಡಿಪೆಟ್ಟಿಗೆ, ಅಡಿಕೆ, ತಂಬಾಕುಗಳಿಗಷ್ಟೇ ಅಂಗಡಿ. ಚಹಾಪುಡಿ ಮೊದಲ ವಹಿಯಲ್ಲಿ ನಾಲ್ಕೈದು ಮನೆತನಗಳ ಲೆಕ್ಕದಲ್ಲಿದ್ದರೆ, ಮೂರನೆಯದರಲ್ಲಿ ಅದಿಲ್ಲದ ಪುಟವನ್ನು ಹುಡುಕಬೇಕು. ಮದುವೆ, ಹಬ್ಬ ಮತ್ತು ಗವಿಮಠದ ಜಾತ್ರೆಗೆ ಮಾತ್ರ ಕಾಣುತ್ತಿದ್ದ ಅಕ್ಕಿ, 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಹರಿದು ಗಂಗಾವತಿ ಕಡೆ ಭತ್ತ ಹೆಚ್ಚಿದ ಮೇಲೆ, ಮೆಲ್ಲಗೆ ವಾರದ ಸಂತೆಯ ಲೆಕ್ಕಕ್ಕೆ ಇಳಿಯುತ್ತದೆ. ನೀರಾವರಿಯ ಇತಿಹಾಸದಲ್ಲಿ ಅಣೆಕಟ್ಟಿನ ಎತ್ತರ, ಎಕರೆಗಳ ಲೆಕ್ಕ ಸಿಗುತ್ತದೆ. ಗಂಗಾಳದೊಳಗಿನ ರೊಟ್ಟಿಯ ಪಕ್ಕಕ್ಕೆ ಅನ್ನ ಬಂದು ಕುಳಿತದ್ದು ಇಂತಹ ವಹಿಗಳಲ್ಲೇ ಸಿಗಬೇಕು.

ಆದರೂ ವಹಿಯನ್ನು ಪೂರ್ತಿ ನಂಬುವಂತಿಲ್ಲ. ಉದ್ರಿ ಸಿಗುತ್ತಿದ್ದುದು ಹೊಲಮನೆ ಇದ್ದವರಿಗೆ. ಕೂಲಿಯನ್ನು ಕಾಳಿನಲ್ಲೇ ಪಡೆಯುತ್ತಿದ್ದವರ, ಸೆರಗಿನಲ್ಲಿ ಕಾಳು ತಂದು ಎಣ್ಣೆ ಒಯ್ಯುತ್ತಿದ್ದ ಹೆಣ್ಣುಮಕ್ಕಳ ವ್ಯವಹಾರ ಅದರಲ್ಲಿಲ್ಲ. ಅದನ್ನು ಬದುಕಿರುವ ಹಿರಿಯರಿಂದಲೇ ಕೇಳಿ ಬರೆದುಕೊಳ್ಳಬೇಕು.

ಕೊಪ್ಪಳ, ರಾಯಚೂರು, ಬಳ್ಳಾರಿಯ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳನ್ನು ಹಳೆಯ ಪೇಟೆಗಳಿಗೆ ಕಳಿಸಿ ಇಂತಹ ವಹಿಗಳ ಛಾಯಾಚಿತ್ರ ತೆಗೆಸಿದರೂ ಸಾಕು, ಮೂಲವನ್ನು ಮನೆಯವರೇ ಇಟ್ಟುಕೊಳ್ಳಲಿ. ನನ್ನ ಬಳಿಯ ಮೂರನ್ನು ಕೊಡಲು ಸಿದ್ಧನಿದ್ದೇನೆ. ಒಂದೇ ಷರತ್ತು: ಬಾಕಿ ಉಳಿಸಿಕೊಂಡವರ ಹೆಸರನ್ನು ಮರೆಮಾಡಬೇಕು, ಏಕೆಂದರೆ ಅವರ ಮೊಮ್ಮಕ್ಕಳು ಈಗಲೂ ನಮ್ಮ ಓಣಿಯಲ್ಲೇ ಇದ್ದಾರೆ.

– ಓದುಗ, ಕೊಪ್ಪಳ