ರೆಕಾರ್ಡ್ ಪುಸ್ತಕದ ಚಿತ್ರ ಎಲ್ಲಿಂದ ಬರಬೇಕು

ಚಿರಂಜೀವಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಸಸ್ಯಶಾಸ್ತ್ರದ ಮೊದಲ ವರ್ಷದ ತರಗತಿಗೆ ಸೇರಿರುವುದಾಗಿಯೂ, ಪಾಠಕ್ಕಿಂತ ಪ್ರಯೋಗಾಲಯದ ಅವಧಿಯೇ ನಿನ್ನನ್ನು ಕಂಗೆಡಿಸುತ್ತಿರುವುದಾಗಿಯೂ ಬರೆದಿದ್ದೀಯೆ. ಸೂಕ್ಷ್ಮದರ್ಶಕದಲ್ಲಿ ಕಾಣುವುದಕ್ಕೂ ಪಠ್ಯಪುಸ್ತಕದ ಚಿತ್ರಕ್ಕೂ ಹೋಲಿಕೆಯೇ ಇಲ್ಲದಿರುವಾಗ, ಎಲ್ಲರಂತೆ ಪುಸ್ತಕ ನೋಡಿಯೇ ರೆಕಾರ್ಡ್ ಬರೆದು ಮುಗಿಸಿದರೆ ತಪ್ಪೇನು ಎಂದೂ ಕೇಳಿದ್ದೀಯೆ. ಹಾಗೆ ಮಾಡಿದರೆ ಅಂಕ ಸಿಗಬಹುದು, ಆದರೆ ಆ ಅವಧಿಯಷ್ಟೂ ನಿನ್ನ ಪಾಲಿಗೆ ನಷ್ಟ ಎಂಬುದು ನನ್ನ ಉತ್ತರ. ಪುಸ್ತಕದ ಚಿತ್ರವೆಂದರೆ ಅನೇಕ ಕಾಂಡಗಳನ್ನು ಕೊಯ್ದು ನೋಡಿದವರು ಎಲ್ಲದರಲ್ಲಿಯೂ ಸಾಮಾನ್ಯವಾಗಿ ಕಂಡದ್ದನ್ನು ಮಾತ್ರ ಉಳಿಸಿಕೊಂಡು ಬರೆದದ್ದು. ನಿನ್ನ ಕೈಯಲ್ಲಿರುವುದು ಒಂದು ಗಿಡದ ಒಂದು ತುಂಡು. ಅದು ಪುಸ್ತಕದಿಂದ ಎಲ್ಲಿ ಬೇರೆಯಾಗುತ್ತದೆ ಎಂದು ಹುಡುಕುವುದಕ್ಕಾಗಿಯೇ ಆ ಅವಧಿಯನ್ನು ಇಟ್ಟಿರುವುದು.

ಮೊದಲು ಸೆಕ್ಷನ್ ತೆಗೆಯುವ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳುವಾದ ಚೂರು ಕೊಯ್ಯುವ ಕೆಲಸದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಬಹಳಷ್ಟು ಮಕ್ಕಳು ಬೇಸತ್ತು ಪುಸ್ತಕದ ಕಡೆಗೆ ತಿರುಗುವುದು ಅಲ್ಲಿಯೇ. ಸೂರ್ಯಕಾಂತಿಯ ಎಳೆಯ ಕಾಂಡವಾದರೆ ಅದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನೆಟ್ಟಗೆ ಹಿಡಿ. ಎಲೆಯಂಥ ತೆಳುವಾದ ಭಾಗವನ್ನು ಬೆಂಡಿನ ಸೀಳಿನೊಳಗೆ ಸಿಕ್ಕಿಸಿ ಹಿಡಿಯಬೇಕು. ಕಾಂಡದ ತುದಿಯನ್ನೂ ಬ್ಲೇಡನ್ನೂ ನೀರಿನಲ್ಲಿ ಒದ್ದೆ ಮಾಡಿಕೊಂಡು, ಕೆಳಕ್ಕೆ ಒತ್ತದೆ, ಓರೆಯಾಗಿ ಒಂದೇ ಎಳೆತದಲ್ಲಿ ಬ್ಲೇಡನ್ನು ಜಾರಿಸು. ಗರಗಸದಂತೆ ಹಿಂದೆಮುಂದೆ ಆಡಿಸಿದರೆ ಕೋಶಗಳು ಹರಿದುಹೋಗುತ್ತವೆ. ಚೂರುಗಳನ್ನು ಕುಂಚದ ತುದಿಯಿಂದ ವಾಚ್ ಗ್ಲಾಸಿನ ನೀರಿಗೆ ಇಳಿಸಿಕೊಂಡು, ಅವುಗಳಲ್ಲಿ ಅತಿ ತೆಳುವಾದದ್ದನ್ನು ಆರಿಸು. ಪೂರ್ತಿ ವೃತ್ತವೇ ಬರಬೇಕೆಂಬ ಹಟ ಬೇಡ. ನೀರಿನಲ್ಲಿ ಇದೆಯೋ ಇಲ್ಲವೋ ಎಂಬಂತೆ ತೇಲುವ ಮುರುಕು ಚೂರೇ ದಪ್ಪನೆಯ ಇಡೀ ಬಿಲ್ಲೆಗಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಅದಕ್ಕೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಕೊಟ್ಟು, ಹೆಚ್ಚಾದ ಬಣ್ಣವನ್ನು ನೀರಿನಲ್ಲಿ ತೊಳೆದು, ಸ್ಲೈಡಿನ ಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿ ಇರಿಸಿ, ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ತಾಗಿಸಿ ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಬೇಕು. ಇಷ್ಟಾದ ಮೇಲೆಯೂ ದಪ್ಪ ಕಪ್ಪು ಅಂಚಿನ ದುಂಡನೆಯ ಆಕೃತಿ ಕಂಡರೆ ಅದು ಗಾಳಿಗುಳ್ಳೆ; ಅದನ್ನು ಕೋಶವೆಂದು ಬರೆದು, ಹೆಸರನ್ನೂ ಕೊಟ್ಟ ರೆಕಾರ್ಡುಗಳು ವರ್ಷವೂ ನನ್ನ ಮೇಜಿಗೆ ಬರುತ್ತಿದ್ದವು.

ಈಗ ಪುಸ್ತಕವನ್ನು ಮುಚ್ಚಿಟ್ಟು ನೋಡು. ಗಾಢವಾಗಿ ಕೆಂಪೇರಿರುವುದು ಲಿಗ್ನಿನ್ ಎಂಬ ಗಟ್ಟಿ ವಸ್ತು ಸೇರಿದ ಗೋಡೆಗಳು. ನೀರು ಸಾಗಿಸುವ ಅಂಗಾಂಶವಾದ ಕ್ಸೈಲಮ್ಮಿನ ನಾಳಗಳನ್ನು ಆ ಬಣ್ಣದಿಂದಲೇ ಗುರುತಿಸಬಹುದು. ನಾಳಕೂರ್ಚಗಳು, ಅಂದರೆ ಸಾಗಣೆಯ ನಾಳಗಳ ಕಟ್ಟುಗಳು, ಉಂಗುರದಂತೆ ಸುತ್ತುವರಿದಿರುತ್ತವೆ ಎಂಬುದು ಪುಸ್ತಕದಲ್ಲಿದ್ದಂತೆಯೇ ಇರುತ್ತದೆ, ಆದರೆ ಅಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಇಲ್ಲಿ ದೊಡ್ಡವುಗಳ ನಡುವೆ ಸಣ್ಣವು ಸೇರಿಕೊಂಡಿರುತ್ತವೆ. ಅವನ್ನು ಸಣ್ಣದಾಗಿಯೇ ಬರೆ. ಆಮೇಲೆ ಒಂದು ಬೇರಿನ ಸೆಕ್ಷನ್ ಮಾಡಿ ಇದರ ಪಕ್ಕದಲ್ಲಿಟ್ಟು ನೋಡಿದರೆ, ಕಾಂಡದಲ್ಲಿ ಮೊದಲು ಹುಟ್ಟಿದ ಕಿರಿದಾದ ಕ್ಸೈಲಮ್ ನಾಳಗಳು ಕೇಂದ್ರದ ಕಡೆಗೂ ಬೇರಿನಲ್ಲಿ ಅವು ಹೊರಗಡೆಗೂ ಇರುವುದು ಕಾಣುತ್ತದೆ; ಇದನ್ನು ಒಮ್ಮೆ ಸ್ವಂತ ಸ್ಲೈಡಿನಲ್ಲಿ ಕಂಡವರು ಪರೀಕ್ಷೆಯಲ್ಲಿ ಬೇರು ಯಾವುದು, ಕಾಂಡ ಯಾವುದು ಎಂದು ತಡಕಾಡುವುದಿಲ್ಲ.

ಸೂಕ್ಷ್ಮದರ್ಶಕದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಯಾವಾಗಲೂ ಕಡಿಮೆ ಶಕ್ತಿಯ ಮಸೂರದಿಂದ ಆರಂಭಿಸು, ಹೆಚ್ಚಿನ ಶಕ್ತಿಗೆ ತಿರುಗಿಸಿದ ಮೇಲೆ ದೊಡ್ಡ ತಿರುಪನ್ನು ಮುಟ್ಟಬೇಡ, ಚಿತ್ರ ತಲೆಕೆಳಗಾಗಿ ಕಾಣುವುದರಿಂದ ಸ್ಲೈಡನ್ನು ಬಲಕ್ಕೆ ಸರಿಸಿದರೆ ನೋಟ ಎಡಕ್ಕೆ ಸರಿಯುತ್ತದೆ ಎಂಬುದನ್ನು ನೆನಪಿಡು. ಆದರೆ ಈರುಳ್ಳಿಯ ಪೊರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳೆದ ಸಸ್ಯಕೋಶದ ಬಹುಭಾಗವನ್ನು ರಸ ತುಂಬಿದ ಚೀಲವಾದ ರಸದಾನಿ ಆಕ್ರಮಿಸಿಕೊಂಡಿರುವುದರಿಂದ ಕೋಶಕೇಂದ್ರವು ಗೋಡೆಯ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಕೆಲವು ಕೋಶಗಳಲ್ಲಿ ಅದು ನಡುವೆ ಇರುವಂತೆ ಕಂಡರೂ, ಅಲ್ಲಿ ಅದು ಮೇಲಿನ ಅಥವಾ ಕೆಳಗಿನ ಗೋಡೆಗೆ ಅಂಟಿಕೊಂಡಿರುತ್ತದೆ, ನಾವು ಮೇಲಿನಿಂದ ನೋಡುತ್ತಿರುತ್ತೇವೆ ಅಷ್ಟೆ. ಸಣ್ಣ ತಿರುಪನ್ನು ನಿಧಾನವಾಗಿ ಆಡಿಸಿದರೆ ಇದು ತಿಳಿಯುತ್ತದೆ, ಚಿತ್ರ ನಕಲು ಮಾಡಿದರೆ ಎಂದಿಗೂ ತಿಳಿಯುವುದಿಲ್ಲ. ರಾಬರ್ಟ್ ಹುಕ್ 1665ರಲ್ಲಿ ಕೋಶವೆಂದು ಚಿತ್ರಿಸಿದ್ದು ಬೆಂಡಿನ ಬರಿಯ ಗೋಡೆಗಳನ್ನು. ಕೋಶಕೇಂದ್ರಕ್ಕೆ ರಾಬರ್ಟ್ ಬ್ರೌನ್ ಹೆಸರಿಟ್ಟದ್ದು 1830ರ ದಶಕದ ಆರಂಭದಲ್ಲಿ. ನಡುವೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು. ಹಾಗಿರುವಾಗ ನಿನಗೆ ಎರಡು ಗಂಟೆಯಲ್ಲಿ ಎಲ್ಲವೂ ಕಾಣಲಿಲ್ಲವೆಂದು ಕೊರಗುವುದೇಕೆ?

ಹೂವಿನ ಅಧ್ಯಯನಕ್ಕೆ ದಾಸವಾಳವನ್ನು ಕೊಡುತ್ತಾರೆ, ಭಾಗಗಳು ದೊಡ್ಡದಾಗಿರುವುದರಿಂದ ಅದು ಒಳ್ಳೆಯ ಆಯ್ಕೆಯೇ. ಐದು ದಳಗಳು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಸುತ್ತಿಕೊಂಡಿರುವುದನ್ನು ಮೊಗ್ಗಿನಲ್ಲಿಯೇ ನೋಡಿಕೋ. ಕೇಸರದಂಡಗಳೆಲ್ಲ ಕೂಡಿ ಕೊಳವೆಯಾಗಿ, ಅಂಡಾಶಯದ ಮೇಲಿನ ಕಡ್ಡಿಯಂಥ ಶಲಾಕೆಯನ್ನು ಸುತ್ತುವರಿದಿರುತ್ತವೆ. ಅಂಡಾಶಯವನ್ನು ಅಡ್ಡವಾಗಿ ಕೊಯ್ದರೆ ಐದು ಕೋಣೆಗಳೂ, ನಡುವಿನ ಅಕ್ಷಕ್ಕೆ ಅಂಟಿಕೊಂಡ ಅಂಡಕಗಳೂ ಕಾಣುತ್ತವೆ. ಹೂವಿನ ಭಾಗಗಳ ಸಂಖ್ಯೆ, ಜೋಡಣೆಗಳನ್ನು ಚಿಹ್ನೆಗಳಲ್ಲಿ ಹೇಳುವ ಪುಷ್ಪಸೂತ್ರವನ್ನು ಬಾಯಿಪಾಠ ಮಾಡದೆ ಹೀಗೆ ಬಿಡಿಸಿದ ಭಾಗಗಳನ್ನು ಎಣಿಸಿ ಬರೆ. ಪರೀಕ್ಷೆಗೆ ಐದೇ ದಳಗಳ ಹೂವನ್ನು ಅಭ್ಯಾಸ ಮಾಡಬೇಕಾದರೂ, ಹಲವು ಸುತ್ತಿನ ದಳಗಳಿರುವ ದಾಸವಾಳವೊಂದನ್ನು ಬಿಡುವಿನಲ್ಲಿ ಬಿಡಿಸಿ ನೋಡು. ಅರ್ಧ ದಳವಾಗಿಯೂ ಅಂಚಿನಲ್ಲಿ ಪರಾಗಕೋಶವನ್ನು ಉಳಿಸಿಕೊಂಡಿರುವ ಎಸಳುಗಳು ಅದರಲ್ಲಿ ಸಿಗುವುದುಂಟು; ಹೆಚ್ಚುವರಿ ದಳಗಳು ಕೇಸರಗಳ ರೂಪಾಂತರವೆಂದು ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಲಾರರು. ಸೂತ್ರಕ್ಕೆ ಹೊಂದಲಿಲ್ಲವೆಂದು ಆ ಹೂವನ್ನು ಎಸೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎಲೆಯಲ್ಲಿ ಪಿಷ್ಟವನ್ನು ತೋರಿಸುವ ಪ್ರಯೋಗದಲ್ಲಿ ಆಲ್ಕೋಹಾಲನ್ನು ನೇರ ಉರಿಯ ಮೇಲೆ ಎಂದಿಗೂ ಕಾಯಿಸಬಾರದು, ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕಾಯಿಸಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಕತ್ತಲಲ್ಲಿಟ್ಟಿದ್ದ ಎಲೆಯೂ ಪಿಷ್ಟವಿರುವ ಎಲೆಯಂತೆ ಅಯೋಡಿನ್‌ಗೆ ಕಪ್ಪಾದರೆ ಹಾಗೆಯೇ ಬರೆದಿಟ್ಟು, ಗಿಡವನ್ನು ಸಾಕಷ್ಟು ಹೊತ್ತು ಕತ್ತಲಲ್ಲಿಟ್ಟಿರಲಿಲ್ಲವೇ ಎಂದು ವಿಚಾರಿಸು. ಪೋಟೋಮೀಟರ್ ಎಂಬ ಉಪಕರಣ ತೋರಿಸುವುದು ರೆಂಬೆ ಹೀರಿಕೊಂಡ ನೀರನ್ನು. ಬಾಷ್ಪವಿಸರ್ಜನೆಯ, ಅಂದರೆ ಎಲೆಗಳಿಂದ ಆವಿಯಾಗಿ ಹೋಗುವ ನೀರಿನ ಪ್ರಮಾಣವನ್ನು ಅದರಿಂದ ಅಂದಾಜು ಮಾಡುತ್ತೇವೆಯೇ ಹೊರತು ನೇರವಾಗಿ ಅಳೆಯುವುದಿಲ್ಲ ಎಂಬ ವ್ಯತ್ಯಾಸವನ್ನು ನಿನ್ನ ತೀರ್ಮಾನದಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಹೆಸರುಗಳ ಹೊರೆಗೆ ಹೆದರಬೇಡ. ಜಾತಿ, ಪ್ರಭೇದಗಳೆಂಬ ಎರಡು ಪದಗಳ ಪದ್ಧತಿಯನ್ನು ಲಿನೇಯಸ್ 1753ರಲ್ಲಿ ಸಸ್ಯಗಳಿಗೆಲ್ಲ ಅನ್ವಯಿಸಿದ; ಅದು ಇಂದಿಗೂ ಉಳಿದಿದೆ, ಆದರೆ ಡಿಎನ್ಎ ಅಧ್ಯಯನಗಳ ನಂತರ ಅನೇಕ ಕುಟುಂಬಗಳ ಎಲ್ಲೆಗಳು ಬದಲಾಗಿವೆ. ಗಿಡವನ್ನು ನೋಡಿ ಗುರುತಿಸುವ ಕಣ್ಣಿದ್ದವರಿಗೆ ಹೊಸ ಹೆಸರು ಕಲಿಯುವುದು ಕಷ್ಟವಲ್ಲ.

ಗಿಡಗಳನ್ನು ಒತ್ತಿ ಒಣಗಿಸಿ ಹಾಳೆಗಳಲ್ಲಿ ಜೋಡಿಸಿಡುವ ಹರ್ಬೇರಿಯಂ ಕೆಲಸವನ್ನು ವರ್ಷದ ಕೊನೆಗೆ ತಳ್ಳದೆ ಈಗಲೇ ಆರಂಭಿಸು. ಒತ್ತಿಟ್ಟ ಗಿಡದ ಕಾಗದಗಳನ್ನು ಮೊದಲ ಕೆಲವು ದಿನ ತಪ್ಪದೆ ಬದಲಾಯಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಹೂವಿನ ಬಣ್ಣ ಒಣಗಿದಂತೆ ಮಾಸುತ್ತದೆ, ಗಿಡದ ಎತ್ತರ ಹಾಳೆಯಿಂದ ತಿಳಿಯುವುದಿಲ್ಲ, ಪರಿಮಳವಂತೂ ಉಳಿಯುವುದೇ ಇಲ್ಲ. ಆದುದರಿಂದ ಇವನ್ನೂ, ದಿನಾಂಕ, ಸ್ಥಳ, ನೆಲದ ಬಗೆಯನ್ನೂ ಗಿಡದ ಪಕ್ಕದಲ್ಲಿ ನಿಂತೇ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಬೇರುಸಹಿತ ಕೀಳುವ ಮುನ್ನ ಸುತ್ತಮುತ್ತ ಅದೇ ಗಿಡ ಇನ್ನೂ ಇವೆಯೇ ನೋಡು. ಒಂದೇ ಇದ್ದರೆ ಚಿತ್ರ ಬರೆದುಕೊಂಡು ಗಿಡವನ್ನು ಅಲ್ಲಿಯೇ ಬಿಟ್ಟು ಬಾ.

ಇಂತಿ,
ನಿನ್ನ ದೊಡ್ಡಮ್ಮ