ಶೆಫೀಲ್ಡಿನ ಮಡಚುವ ಚಾಕು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನೀನು ಇಂಗ್ಲೆಂಡಿನ ಶೆಫೀಲ್ಡಿನಿಂದ ತಂದುಕೊಟ್ಟ ಮಡಚುವ ಚಾಕನ್ನು ಈಗ ದಿನವೂ ತೋಟಕ್ಕೆ ಒಯ್ಯುತ್ತಿದ್ದೇನೆ. ಕೊಡುವಾಗ ನೀನು, "ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಮಾಡಿದ್ದು, ಅಪ್ಪಾ" ಎಂದಷ್ಟೇ ಹೇಳಿದ್ದೆ. ಆ ಕೆಲಸಗಾರರ ಕೈ ಎಂಥದ್ದೆಂಬುದು ಬಳಸುತ್ತ ಹೋದಂತೆ ತಿಳಿಯುತ್ತಿದೆ.

ಈ ಚಾಕಿಗೆ ಲಾಕ್ ಇಲ್ಲ. ಅಲಗನ್ನು ಹಿಡಿದು ನಿಲ್ಲಿಸುವುದು ಹಿಡಿಯ ಬೆನ್ನಿಗಿರುವ ಉಕ್ಕಿನ ಪಟ್ಟಿ, ಅಂದರೆ ಸ್ಪ್ರಿಂಗು ಮಾತ್ರ. ಅಲಗಿನ ಬುಡವನ್ನು ಚೌಕವಾಗಿ ಅರದಿಂದ ಉಜ್ಜಿರುವುದರಿಂದ, ಸ್ಪ್ರಿಂಗಿನ ತುದಿ ಅದರ ಒಂದೊಂದು ಮುಖದ ಮೇಲೆ ಒತ್ತಿ ಕುಳಿತಾಗ ಅಲಗು ಪೂರ್ತಿ ತೆರೆದು, ಅರ್ಧ ತೆರೆದು, ಇಲ್ಲವೇ ಮುಚ್ಚಿ ನಿಲ್ಲುತ್ತದೆ. ಈ ಮೂರೂ ನಿಲುವುಗಳಲ್ಲಿ ಸ್ಪ್ರಿಂಗಿನ ಬೆನ್ನು ಎರಡು ಬದಿಯ ಹಿತ್ತಾಳೆ ತಗಡುಗಳಿಗೆ ಸಮನಾಗಿದೆ; ಬೆರಳಾಡಿಸಿ ನೋಡಿದರೆ ಎಲ್ಲಿಯೂ ತಡೆಯುವುದಿಲ್ಲ. ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ಇದೇ. ಒಂದು ನಿಲುವನ್ನು ಸರಿಪಡಿಸಲು ತುಸು ಹೆಚ್ಚು ಉಜ್ಜಿದರೆ ಇನ್ನೊಂದು ಕೆಡುತ್ತದೆ, ಉಜ್ಜಿ ಹೋದ ಉಕ್ಕು ಮರಳಿ ಬರುವುದಿಲ್ಲ. ಆದ್ದರಿಂದ ತಾತ್ಕಾಲಿಕ ಮೊಳೆ ಹಾಕಿ ಜೋಡಿಸುವುದು, ನೋಡುವುದು, ಬಿಚ್ಚುವುದು, ಮತ್ತೆ ಉಜ್ಜುವುದು ಎಂದು ತಾಳ್ಮೆಯಿಂದ ನಡೆಸಬೇಕಾದ ಕೆಲಸವಿದು. ಹದ ಹಾಕುವುದರಲ್ಲಿಯೂ ಅಷ್ಟೇ ಎಚ್ಚರ ಬೇಕು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಉಕ್ಕು ಪೆಡಸಾಗುತ್ತದೆ. ಅಲಗನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಮತ್ತೆ ಕಾಯಿಸಿ ಗಡಸುತನ ಉಳಿಸಿಕೊಂಡರೆ, ಸ್ಪ್ರಿಂಗನ್ನು ಇನ್ನೂ ಹೆಚ್ಚು ಕಾಯಿಸಿ ಬಾಗಿದರೂ ಮುರಿಯದಂತೆ ಮಾಡುತ್ತಾರೆ.

ಅಲಗಿನ ಆಕಾರವನ್ನು ಅಲ್ಲಿ ಲ್ಯಾಂಬ್‌ಫುಟ್ ಎನ್ನುತ್ತಾರೆ. ಕುರಿಯ ಗೊರಸು ಸವರಲು ಹುಟ್ಟಿದ ಆಕಾರವೆಂಬ ಮಾತಿದೆ. ಬಾಯಿ ನೇರವಾಗಿದ್ದು, ಬೆನ್ನು ಮಾತ್ರ ತುದಿಯತ್ತ ಇಳಿಯುತ್ತದೆ. ಮಾವಿಗೆ ಕಸಿ ಕಟ್ಟಲು ಇದಕ್ಕಿಂತ ಒಳ್ಳೆಯ ಅಲಗನ್ನು ನಾನು ಹಿಡಿದಿಲ್ಲ. ಕಸಿಕಡ್ಡಿಯನ್ನು ಬೆಣೆಯಂತೆ ಸವರುವಾಗ ಎರಡೂ ಮುಖ ಸಪಾಟಾಗಿ ಬರದಿದ್ದರೆ ಗಾಯಗಳು ಕೂಡುವುದಿಲ್ಲ, ಈ ನೇರ ಬಾಯಿ ಒಂದೇ ಎಳೆತಕ್ಕೆ ಸಪಾಟು ಮಾಡುತ್ತದೆ. ಸೊನೆ, ಹುಳಿ ತಾಗಿ ಅಲಗು ಈಗ ಬೂದುಬಣ್ಣಕ್ಕೆ ತಿರುಗಿದೆ. ನಿನ್ನ ಅಮ್ಮ ತಿಕ್ಕಿ ಬೆಳಗಲು ಹೊರಟಿದ್ದಳು, ಬೇಡವೆಂದೆ. ಸ್ಟೇನ್‌ಲೆಸ್ ಅಲ್ಲದ ಉಕ್ಕಿಗೆ ಆ ಬಣ್ಣ ಬರುವುದು ಸಹಜ. ಒರೆಸಿ ಒಂದು ಹನಿ ಎಣ್ಣೆ ಸವರಿಟ್ಟರೆ ಸಾಕು.

ನೀನು ಓದುತ್ತಿರುವ ಊರಿನಲ್ಲಿ ಚಾಕು ಮಾಡುವವರ ಸಂಘ 1624ರಷ್ಟು ಹಿಂದೆಯೇ ಕಾನೂನಿನ ಮಾನ್ಯತೆ ಪಡೆದಿತ್ತು. ಒಂದು ಬೆಂಚು ಬಾಡಿಗೆಗೆ ಹಿಡಿದು ಸ್ವಂತವಾಗಿ ದುಡಿಯುವ ಇಂತಹ ಕೆಲಸಗಾರರನ್ನು ಅಲ್ಲಿನವರು 'ಲಿಟಲ್ ಮೆಸ್ಟರ್' ಎಂದು ಕರೆಯುತ್ತಾರೆ. ಅವರಲ್ಲಿ ಹೆಸರಾಂತರಾದ ಸ್ಟ್ಯಾನ್ ಶಾ 1926ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಇಬರ್ಸನ್ ಎಂಬ ಸಂಸ್ಥೆಯಲ್ಲಿ ಕೆಲಸ ಕಲಿಯಲು ಸೇರಿ, ಎಪ್ಪತ್ತಕ್ಕೂ ಹೆಚ್ಚು ವರ್ಷ ಇದೇ ಕಸುಬು ಮಾಡಿ 2021ರಲ್ಲಿ ತೀರಿಕೊಂಡರು. ಇಂದು ಬ್ರಿಟನ್ನಿನಲ್ಲಿ ಅಳಿವಿನಂಚಿನ ಕಸುಬುಗಳ ಪಟ್ಟಿಯಲ್ಲಿ ಮಡಚುವ ಚಾಕಿನ ಕೆಲಸವೂ ಸೇರಿದೆ. ನೀನು ಈ ಚಾಕಿನ ಹಣವನ್ನು ಅಂಥ ಒಬ್ಬ ಕೆಲಸಗಾರರಿಗೆ ಕೊಟ್ಟದ್ದು ನನಗೆ ಹೆಮ್ಮೆಯ ವಿಷಯ.

ನೀನು ಕೊಟ್ಟ ಚಾಕಿನ ಹಿಡಿಗೆ ಎಮ್ಮೆಯ ಕೊಂಬಿದೆ. ಹಿಂದೆ ಶೆಫೀಲ್ಡಿನವರು ಬಹುವಾಗಿ ಮೆಚ್ಚಿ ಬಳಸುತ್ತಿದ್ದದ್ದು ಭಾರತದಿಂದ ಹೋಗುತ್ತಿದ್ದ ಕಡವೆಯ ಕೊಂಬು, ನಮ್ಮ ಕಾಡಿನಲ್ಲಿ ರಾತ್ರಿ ಕೂಗುವ ಅದೇ ಕಡವೆ. ಗಂಡು ಕಡವೆ ತಾನಾಗಿ ಉದುರಿಸುವ ಕೊಂಬೇ ಆದರೂ ಅದರ ಹೆಸರಿನಲ್ಲಿ ಬೇಟೆ ನಡೆಯಬಾರದು. 1990ರ ದಶಕದ ಕೊನೆಯಲ್ಲಿ ಸರ್ಕಾರ ರಫ್ತನ್ನು ನಿಷೇಧಿಸಿದ್ದು ಸರಿಯೆಂದೇ ನನ್ನ ಎಣಿಕೆ. ಎಮ್ಮೆಯ ಕೊಂಬು ಕೈಗೆ ತಣ್ಣಗೆ, ನುಣುಪಾಗಿ ಕೂರುತ್ತದೆ. ಅದರಲ್ಲಿ ಯಾವ ಕೊರತೆಯೂ ನನಗೆ ಕಾಣಲಿಲ್ಲ.

ನಿನಗೂ ಒಂದು ಕೊಳ್ಳುವುದಾದರೆ ಲಾಕ್ ಇಲ್ಲದ್ದನ್ನು, ಬಾಯಿ 3 ಇಂಚು ಮೀರದ್ದನ್ನೇ ಕೊಳ್ಳು. ಅಲ್ಲಿನ ಕಾನೂನು ಕಾರಣ ಕೇಳದೆ ಜೇಬಿನಲ್ಲಿಟ್ಟುಕೊಳ್ಳಲು ಬಿಡುವುದು ಅಷ್ಟನ್ನು ಮಾತ್ರ. ವಿಮಾನದಲ್ಲಿ ಬರುವಾಗ ಕೈಚೀಲದಲ್ಲಿ ಇಡಬೇಡ. ಬಿಡುವಾದಾಗ ಕೆಲ್ಹಮ್ ಐಲೆಂಡ್ ಮ್ಯೂಸಿಯಮ್ಮಿಗೆ ಹೋಗಿ ಹಳೆಯ ಚಾಕುಗಳನ್ನು ನೋಡು. ಈ ಚಾಕು ಮಾಡಿದವರನ್ನು ಮತ್ತೆ ಕಂಡರೆ, ಕಸಿ ಕೆಲಸಕ್ಕೆ ಬಾಯಿಯನ್ನು ಎಷ್ಟು ಓರೆಯಾಗಿ ಮಸೆಯಬೇಕೆಂದು ನನ್ನ ಪರವಾಗಿ ಕೇಳಿ ಬರೆ.

ಇಂತಿ ನಿನ್ನ ಪ್ರೀತಿಯ
ಅಪ್ಪ