ಬೆಡೆಲ್ ಸ್ಮಿತ್ ಬಗ್ಗೆಯೂ ಒಮ್ಮೆ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಬೇಹುಗಾರಿಕೆ ಸಂಸ್ಥೆಗಳ ಮುಖ್ಯಸ್ಥರ ಬಗ್ಗೆ ಬಂದಿದ್ದ ಲೇಖನವನ್ನು ಎರಡು ಸಲ ಓದಿದೆ. ಚೆನ್ನಾಗಿತ್ತು. ಆದರೆ ಅದರ ತುಂಬಾ ವೇಷ ಮರೆಸಿಕೊಂಡು ಗಡಿ ದಾಟಿದವರು, ರಾತ್ರೋರಾತ್ರಿ ಶತ್ರುವನ್ನು ಹಿಡಿದು ತಂದವರು, ಇಂಥವರೇ ಇದ್ದರು. ನಾನು ಸೇನೆಗೆ ಕ್ಲರ್ಕ್ ಆಗಿ ಸೇರಿ ಹವಾಲ್ದಾರ್ ಆಗಿ ನಿವೃತ್ತನಾದವನು. ವರದಿ ಟೈಪ್ ಮಾಡುವುದರಲ್ಲೇ ನನ್ನ ಸರ್ವಿಸ್ ಎಲ್ಲ ಕಳೆಯಿತು. ಅದಕ್ಕೇ ಇರಬೇಕು, ಆ ಪಟ್ಟಿಯಲ್ಲಿ ಒಬ್ಬರ ಹೆಸರು ಕಾಣದೆ ಬೇಜಾರಾಯಿತು. ಅವರೇ ಅಮೆರಿಕದ ಜನರಲ್ ವಾಲ್ಟರ್ ಬೆಡೆಲ್ ಸ್ಮಿತ್. 1950ರಿಂದ 1953ರವರೆಗೆ ಆ ದೇಶದ ಗುಪ್ತಚರ ಸಂಸ್ಥೆ ಸಿಐಎ ನಡೆಸಿದವರು.

ಇವರು ದೊಡ್ಡ ಮನೆತನದವರಲ್ಲ. 1895ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದರು. ಕಾಲೇಜು ಪೂರ್ತಿ ಮಾಡಲಿಲ್ಲ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಮೆಟ್ಟಿಲೂ ಹತ್ತಿದವರಲ್ಲ. ಹದಿಹರೆಯದಲ್ಲೇ ನ್ಯಾಷನಲ್ ಗಾರ್ಡ್‌ಗೆ ಸಿಪಾಯಿಯಾಗಿ ಸೇರಿದರು. 1917ರಲ್ಲಿ ಅಧಿಕಾರಿಯಾದರು, ಮರುವರ್ಷ ಫ್ರಾನ್ಸ್‌ನ ಯುದ್ಧಭೂಮಿಯಲ್ಲಿ ಗಾಯಗೊಂಡರು. ಆಮೇಲೆ ಇಪ್ಪತ್ತು ವರ್ಷ ಬಡ್ತಿ ಅನ್ನುವುದು ಆಮೆ ನಡಿಗೆ. ಮೇಜರ್ ಆಗುವಷ್ಟರಲ್ಲಿ 1939 ಬಂದಿತ್ತು, ವಯಸ್ಸು ನಲವತ್ತು ದಾಟಿತ್ತು. ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಅವರ ಕಣ್ಣಿಗೆ ಬಿದ್ದ ಮೇಲೆ ಅವರ ದಿಕ್ಕೇ ಬದಲಾಯಿತು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಜೀಪ್ ಅಂದರೆ ಮನೆಯ ಸದಸ್ಯನಿದ್ದ ಹಾಗೆ, ಅಲ್ವಾ? ಆ ಜೀಪ್ ಹುಟ್ಟುವುದಕ್ಕೆ ಮುಂಚೆ ಬ್ಯಾಂಟಮ್ ಅನ್ನುವ ಸಣ್ಣ ಕಂಪನಿಯ ಕಡೆಯವರೊಬ್ಬರು ಹಗುರವಾದ ಗಾಡಿಯ ನಕ್ಷೆ ಹಿಡಿದುಕೊಂಡು ವಾಷಿಂಗ್ಟನ್ ಕಚೇರಿಗಳನ್ನು ಸುತ್ತುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಸ್ಮಿತ್ ಕೂರಿಸಿ ಕೇಳಿದರು. ನೇರವಾಗಿ ಮಾರ್ಷಲ್ ಅವರ ಕೋಣೆಗೆ ಹೋಗಿ, ಇದು ಒಳ್ಳೆಯದು ಅಂತ ನನಗನ್ನಿಸುತ್ತದೆ ಎಂದರು. ಹಾಗಾದರೆ ಮಾಡಿಸು ಎಂದರು ಮಾರ್ಷಲ್. ಕೆಲವೇ ನಿಮಿಷದ ಮಾತು. ಮೇಲಿನವರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ಅವರಿಗೆ ಆಗಲೇ ಗೊತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಅವರ ಮುಖ್ಯ ಸಿಬ್ಬಂದಿ ಅಧಿಕಾರಿಯಾಗಿದ್ದವರು ಇವರೇ. 1943ರ ಸೆಪ್ಟೆಂಬರ್ 3ರಂದು ಸಿಸಿಲಿಯ ಕಸ್ಸಿಬಿಲೆಯಲ್ಲಿ ಇಟಲಿಯ ಕದನವಿರಾಮ ಪತ್ರಕ್ಕೆ, 1945ರ ಮೇ 7ರ ನಸುಕಿನಲ್ಲಿ ಫ್ರಾನ್ಸ್‌ನ ರೀಮ್ಸ್ ಊರಿನ ಶಾಲೆಯೊಂದರಲ್ಲಿ ಜರ್ಮನಿಯ ಶರಣಾಗತಿ ಪತ್ರಕ್ಕೆ, ಎರಡಕ್ಕೂ ಮಿತ್ರಪಡೆಗಳ ಕಡೆಯಿಂದ ಸಹಿ ಹಾಕಿದ್ದು ಸಿಪಾಯಿಯಾಗಿ ಸೇರಿದ್ದ ಈ ಮನುಷ್ಯ. ಯುದ್ಧ ಮುಗಿದ ಮೇಲೆ 1946ರಿಂದ 1948ರವರೆಗೆ ಮಾಸ್ಕೋದಲ್ಲಿ ರಾಯಭಾರಿ. ಅಲ್ಲಿಂದ ಬರುವಷ್ಟರಲ್ಲಿ ಆರೋಗ್ಯ ಕೈಕೊಟ್ಟಿತ್ತು. 1950ರ ಬೇಸಿಗೆಯಲ್ಲಿ ಹುಣ್ಣಿನ ಕಾರಣಕ್ಕೆ ಹೊಟ್ಟೆಯ ಬಹುಪಾಲು ಕತ್ತರಿಸಿ ತೆಗೆದರು. ಅಂಥ ಸ್ಥಿತಿಯಲ್ಲಿದ್ದವರನ್ನು ಅಧ್ಯಕ್ಷ ಟ್ರೂಮನ್ ಸಿಐಎಗೆ ಕರೆದರು.

ಯಾಕೆ ಕರೆದರು ಅನ್ನುವುದೇ ಮುಖ್ಯ. ಆ ವರ್ಷ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ದಾಳಿ ಮಾಡಿತ್ತು. ಸಿಐಎ ಶುರುವಾಗಿ ಆಗಿನ್ನೂ ಮೂರೇ ವರ್ಷ. ಅಮೆರಿಕಕ್ಕೆ ಆ ದಾಳಿ ಸಿಡಿಲು ಬಡಿದ ಹಾಗಾಗಿತ್ತು. ಅಕ್ಟೋಬರ್ ಹೊತ್ತಿಗೆ ಯುದ್ಧದ ಗತಿ ತಿರುಗಿ, ಅಮೆರಿಕದ ಪಡೆಗಳು ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಲು ಸಜ್ಜಾಗಿ ನಿಂತಿದ್ದವು. ಆಗ ಬೀಜಿಂಗ್‌ನಲ್ಲಿ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್. ಚೀನಾದ ಪ್ರಧಾನಿ ಚೌ ಎನ್‌ಲೈ ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ, ಅಮೆರಿಕನ್ನರು ಆ ಗೆರೆ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ತಿಳಿಸಿದರು. ಪಣಿಕ್ಕರ್ ತಡಮಾಡದೆ ದೆಹಲಿಗೆ ತಿಳಿಸಿದರು, ದೆಹಲಿಯಿಂದ ಅದು ಪಶ್ಚಿಮದ ರಾಜಧಾನಿಗಳಿಗೆ ಹೋಯಿತು. ವಾಷಿಂಗ್ಟನ್‌ನಲ್ಲಿ ಅದಕ್ಕೆ ಬೆಲೆ ಸಿಗಲಿಲ್ಲ. ಪಣಿಕ್ಕರ್ ಕಮ್ಯುನಿಸ್ಟರ ಕಡೆಗೆ ವಾಲಿದವರು ಅನ್ನುವ ಅಭಿಪ್ರಾಯ ಅಲ್ಲಿತ್ತು. ಹೇಳಿದವರು ಯಾರು ಅಂತ ನೋಡಿದರೇ ಹೊರತು ಏನು ಹೇಳಿದರು ಅಂತ ನೋಡಲಿಲ್ಲ.

ಸ್ಮಿತ್ ಅಧಿಕಾರ ವಹಿಸಿಕೊಂಡಿದ್ದು ಅಕ್ಟೋಬರ್ 7ರಂದು. ಕೆಲವೇ ದಿನಗಳಲ್ಲಿ ಟ್ರೂಮನ್ ವೇಕ್ ದ್ವೀಪದಲ್ಲಿ, ಕೊರಿಯಾ ಯುದ್ಧ ನಡೆಸುತ್ತಿದ್ದ ಜನರಲ್ ಮ್ಯಾಕ್‌ಆರ್ಥರ್ ಅವರನ್ನು ಭೇಟಿ ಮಾಡಬೇಕಿತ್ತು. ಅದಕ್ಕೆ ಮುಂಚೆ ಕೊರಿಯಾ ಬಗ್ಗೆ ಎಲ್ಲ ಇಲಾಖೆಗಳೂ ಕೂಡಿ ಒಪ್ಪಿದ ಒಂದು ಅಂದಾಜು ಬೇಕೆಂದರು. ನೋಡಿದರೆ ಅಂಥ ಕಾಗದವೇ ಇರಲಿಲ್ಲ! ಸ್ಮಿತ್ ಅಧಿಕಾರಿಗಳನ್ನು ಕೂರಿಸಿ ಅವಸರದಲ್ಲಿ ಬರೆಸಿದರು. ಅಕ್ಟೋಬರ್ 12ರ ಆ ವರದಿ, 1950ರಲ್ಲಿ ಚೀನಾ ಪೂರ್ಣ ಪ್ರಮಾಣದಲ್ಲಿ ಯುದ್ಧಕ್ಕೆ ಇಳಿಯುವ ಸಂಭವ ಕಡಿಮೆ ಎಂದಿತು. ಒಂದೇ ವಾರದಲ್ಲಿ ಚೀನಾದ ಸೈನಿಕರು ಕೊರಿಯಾ ಗಡಿಯ ಯಾಲು ನದಿ ದಾಟತೊಡಗಿದರು. ನವೆಂಬರ್ ಕೊನೆಯ ಚಳಿಯಲ್ಲಿ ಅವರ ದೊಡ್ಡ ದಾಳಿಗೆ ಸಿಕ್ಕಿ ಸತ್ತ ಹುಡುಗರು ಎಷ್ಟೋ.

ಅಂದರೆ ಹೊಸ ಮುಖ್ಯಸ್ಥರ ಮೊದಲ ದೊಡ್ಡ ಅಂದಾಜೇ ತಪ್ಪಾಯಿತು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಮೇಲೆ ಅವರು ಮಾಡಿದ ಕೆಲಸದಿಂದ. ಹಾರ್ವರ್ಡ್‌ನ ಇತಿಹಾಸಕಾರ ವಿಲಿಯಂ ಲ್ಯಾಂಗರ್ ಅವರನ್ನು ಕರೆತಂದು, ಅಂದಾಜು ಬರೆಯುವುದಕ್ಕೆಂದೇ ಒಂದು ವಿಭಾಗ ತೆರೆದರು. ಯೇಲ್‌ನ ಶೆರ್ಮನ್ ಕೆಂಟ್ ಕೂಡ ಅಲ್ಲಿಗೆ ಬಂದರು. ಸೇನೆ, ನೌಕಾಪಡೆ, ವಾಯುಪಡೆ, ವಿದೇಶಾಂಗ ಇಲಾಖೆ, ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ವಾದ ಮಾಡಬೇಕು. ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬರೆಯಬೇಕು. 1951ರ ಫೆಬ್ರವರಿಯಿಂದ ಅಧ್ಯಕ್ಷರಿಗೆ ಹೊಸ ರೂಪದ ದಿನವಹಿ ವರದಿ ಶುರುವಾಯಿತು. ವಾರಕ್ಕೊಮ್ಮೆ ಸ್ಮಿತ್ ತಾವೇ ಹೋಗಿ ಎದುರಿಗೆ ಕೂತು ಹೇಳುತ್ತಿದ್ದರು. 1952ರ ಚುನಾವಣೆಯಲ್ಲಿ ಐಸೆನ್‌ಹೋವರ್, ಸ್ಟೀವನ್‌ಸನ್ ಇಬ್ಬರು ಅಭ್ಯರ್ಥಿಗಳಿಗೂ ಗುಪ್ತಚರ ಮಾಹಿತಿ ಕೊಡುವ ಪದ್ಧತಿ ಶುರುವಾಗಿದ್ದೂ ಇವರ ಕಾಲದಲ್ಲೇ. ಗೆಲ್ಲುವವರು ಯಾರೇ ಆಗಲಿ, ಕತ್ತಲಲ್ಲಿ ಕುರ್ಚಿ ಏರಬಾರದಲ್ಲ.

ಇದೆಲ್ಲ ಕಚೇರಿ ಕೆಲಸ, ಇದರಲ್ಲೇನಿದೆ ಅನ್ನಿಸಬಹುದು. ಒಂದು ಅನುಭವ ಹೇಳುತ್ತೇನೆ. ಮಳೆಗಾಲದ ಒಂದು ರಾತ್ರಿ, ಮುಂದಿನ ಪೋಸ್ಟ್‌ನಿಂದ ರಸ್ತೆ ಕೊಚ್ಚಿಹೋಗಿದೆ ಅಂತ ಸುದ್ದಿ ಬಂತು. ನಾನು ಹಾಗೇ ಟೈಪ್ ಮಾಡಿದೆ. ಮೇಲಿನವರೊಬ್ಬರು ಓದಿ, ಇಷ್ಟು ಗಟ್ಟಿಯಾಗಿ ಬರೆದರೆ ಸಾಹೇಬರು ಸಿಟ್ಟಾಗುತ್ತಾರೆ, ಸಂಚಾರ ನಿಧಾನ ಅಂತ ಬರಿ ಎಂದರು. ಬರೆದೆ. ಬೆಳಿಗ್ಗೆ ಮೂರು ಗಾಡಿಗಳು ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಂಡವು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ಎರಡು ಪದ ಟೈಪ್ ಮಾಡಿದ ಬೆರಳು ನನ್ನವು ಅನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದು ದೇಶದ ಮಟ್ಟದಲ್ಲಿ ಇದೇ ಆದರೆ ಏನಾಗುತ್ತದೆ ಅನ್ನುವುದಕ್ಕೆ ಕೊರಿಯಾ ಸಾಕು.

ಸ್ಮಿತ್ ಬರವಣಿಗೆಯಲ್ಲೇ ಕೇಳುತ್ತಿದ್ದರು. 1951ರ ಮೇ ತಿಂಗಳಲ್ಲಿ ಬ್ರಿಟನ್ನಿನ ವಿದೇಶಾಂಗ ಅಧಿಕಾರಿಗಳಾದ ಬರ್ಜೆಸ್, ಮ್ಯಾಕ್ಲೀನ್ ಇಬ್ಬರೂ ಸೋವಿಯತ್ ಕಡೆಗೆ ಓಡಿಹೋದಾಗ ಸಂಶಯ ಬ್ರಿಟನ್ನಿನ ಗುಪ್ತಚರ ಅಧಿಕಾರಿ ಕಿಮ್ ಫಿಲ್ಬಿ ಮೇಲೆ ಹೋಯಿತು. ಆತ ಆಗ ವಾಷಿಂಗ್ಟನ್‌ನಲ್ಲೇ ಇದ್ದ, ಸಿಐಎಯವರ ಜೊತೆ ಊಟ ಮಾಡುತ್ತಿದ್ದ. ಆತನ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ ಎಂದು ಸ್ಮಿತ್ ತಮ್ಮ ಅಧಿಕಾರಿಗಳಿಗೆ ಹೇಳಿದರು. ಅವರಲ್ಲೊಬ್ಬರಾದ ಬಿಲ್ ಹಾರ್ವಿ, ಈತ ಸೋವಿಯತ್ ಗೂಢಚಾರ ಎಂದು ಬರೆದರು. ಫಿಲ್ಬಿಯ ಗೆಳೆಯನಾಗಿದ್ದ ಇನ್ನೊಬ್ಬ ಅಧಿಕಾರಿ ಆಂಗಲ್‌ಟನ್ ಆ ತೀರ್ಮಾನಕ್ಕೆ ಬರಲಿಲ್ಲ. ಈ ಮನುಷ್ಯ ಮತ್ತೆ ಇಲ್ಲಿಗೆ ಬರಬಾರದು ಎಂದು ಸ್ಮಿತ್ ಲಂಡನ್ನಿಗೆ ತಿಳಿಸಿದರು. ಹಾರ್ವಿ ಬರೆದದ್ದೇ ನಿಜವಾಯಿತು.

ಅವರನ್ನು ದೇವರು ಮಾಡುವುದು ಬೇಡ. ಭಾರಿ ಸಿಟ್ಟಿನ ಮನುಷ್ಯ, ಕೈಕೆಳಗಿನವರು ನಡುಗುತ್ತಿದ್ದರು. ಸಿಐಎ ಬಿಟ್ಟ ಮೇಲೆ ವಿದೇಶಾಂಗ ಇಲಾಖೆಯ ಎರಡನೇ ಸ್ಥಾನದಲ್ಲಿದ್ದಾಗ, 1953ರಲ್ಲಿ ಇರಾನ್‌ನ ಮೊಸಾದೆಕ್ ಸರ್ಕಾರವನ್ನೂ 1954ರಲ್ಲಿ ಗ್ವಾಟೆಮಾಲಾದ ಆರ್ಬೆನ್ಜ್ ಸರ್ಕಾರವನ್ನೂ ಉರುಳಿಸುವ ಕೆಲಸದಲ್ಲಿ ಅವರಿದ್ದರು. ಆಮೇಲೆ ಗ್ವಾಟೆಮಾಲಾದಲ್ಲಿ ಭಾರಿ ಜಮೀನಿದ್ದ ಯುನೈಟೆಡ್ ಫ್ರೂಟ್ ಕಂಪನಿಯ ನಿರ್ದೇಶಕರ ಮಂಡಳಿಗೂ ಸೇರಿದರು. ಇದು ತಪ್ಪು, ಇದಕ್ಕೆ ಸಮಜಾಯಿಷಿ ಇಲ್ಲ. ಜನರು ಆರಿಸಿದವರನ್ನು ಹೊರಗಿನವರು ಕೆಡವಿದ್ದರ ನೋವು ಆ ಎರಡು ದೇಶಗಳಲ್ಲಿ ಇನ್ನೂ ಆರಿಲ್ಲ. ನಿಮ್ಮ ಪತ್ರಿಕೆ ಅವರ ಬಗ್ಗೆ ಬರೆದರೆ ಇದನ್ನೂ ಬಿಡದೆ ಬರೆಯಬೇಕು.

ನಮ್ಮಲ್ಲಿ 1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿ ಕೂತು, ಗುಪ್ತಚರ ಇಲಾಖೆಗಳ ನಡುವೆ ಹೊಂದಾಣಿಕೆ ಇಲ್ಲ ಎಂದು ಹೇಳಿತು. ಮೂರು ಪಡೆಗಳಿಗೂ ಸೇರಿ ರಕ್ಷಣಾ ಗುಪ್ತಚರ ಸಂಸ್ಥೆ ಬಂದಿದ್ದು 2002ರಲ್ಲಿ, ಲೆಫ್ಟಿನೆಂಟ್ ಜನರಲ್ ಕಮಲ್ ದಾವರ್ ಅದರ ಮೊದಲ ಮುಖ್ಯಸ್ಥರು. ಕೆಲವು ಭಾಗ ಬಿಟ್ಟಾದರೂ ಆ ಸಮಿತಿಯ ವರದಿಯನ್ನು ಜನ ಓದಬಹುದು, ಸಂತೋಷ. ಆದರೆ 1962ರಲ್ಲಿ ಚೀನಾ ಎದುರು ನಾವು ಸೋತದ್ದರ ಬಗೆಗಿನ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇವತ್ತಿಗೂ ಬಿಡುಗಡೆ ಮಾಡಿಲ್ಲ. ಅಮೆರಿಕದವರು ತಮ್ಮ 1950ರ ಆ ತಪ್ಪು ಅಂದಾಜನ್ನೇ ಜಗತ್ತಿನ ಮುಂದೆ ಇಟ್ಟಿದ್ದಾರೆ. ಅರವತ್ತು ವರ್ಷ ದಾಟಿದ ನಮ್ಮ ಕಾಗದವನ್ನು ನಾವ್ಯಾಕೆ ಬಚ್ಚಿಡಬೇಕು? ಆ ಹಿಮದಲ್ಲಿ ಸತ್ತವರ ಮಕ್ಕಳು ಈಗ ಮುದುಕರಾಗಿದ್ದಾರೆ. ಅವರು ಇರುವಾಗಲೇ ಓದಲಿ. ಇದರ ಬಗ್ಗೆ ನಿಮ್ಮ ಸಂಪಾದಕೀಯ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಸಣ್ಣ ಕೋರಿಕೆ. ಪಣಿಕ್ಕರ್ ತಂದ ಎಚ್ಚರಿಕೆಯನ್ನು ಬದಿಗಿಟ್ಟ ಆ ಯುದ್ಧ 1953ರ ಜುಲೈ 27ರಂದು ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲೊಲ್ಲದ 22,000ಕ್ಕೂ ಹೆಚ್ಚು ಸೆರೆಯಾಳುಗಳ ವಿಚಾರ ಬಗೆಹರಿಸುವ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು. ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ. ಪ್ರತಿ ಮಾರ್ಚ್‌ನಲ್ಲಿ ಅವರ ಜನ್ಮದಿನಕ್ಕೆ ನೀವು ಫೋಟೊ ಹಾಕುತ್ತೀರಿ. ಈ ಸಲ ಫೋಟೊ ಜೊತೆಗೆ ಆ ನಡುರಾತ್ರಿಯ ಸಂದೇಶದ ಕಥೆಯನ್ನೂ, ಸ್ಮಿತ್ ಅವರ ಮೇಜಿಗೆ ಬಂದ ಆ ಅಕ್ಟೋಬರ್ 12ರ ಕಾಗದದ ಕಥೆಯನ್ನೂ ಸೇರಿಸಿ ಪ್ರಕಟಿಸಿ.

ಇಂತಿ ನಿಮ್ಮ ಓದುಗ,
ನಿವೃತ್ತ ಹವಾಲ್ದಾರ್, ಸೋಮವಾರಪೇಟೆ